ಹೆರ್ನ್‌ಹೂಟ್‌ನ ದಿನದ ವಾಕ್ಯ

1728ರ ಮೇ 3ರ ಸಂಜೆ. ಜರ್ಮನಿಯ ಸ್ಯಾಕ್ಸನಿ ಸೀಮೆಯ ಹೆರ್ನ್‌ಹೂಟ್ ಹಳ್ಳಿಯಲ್ಲಿ ಹಾಡಿನ ಕೂಟ ನಡೆದಿತ್ತು. ಅಲ್ಲಿನ ಜಮೀನುದಾರ ಕೌಂಟ್ ಜಿನ್ಸೆಂಡಾರ್ಫ್ ಮರುದಿನವಿಡೀ ಮನಸ್ಸಿನಲ್ಲಿ ಇಟ್ಟುಕೊಳ್ಳಲೆಂದು ನೆರೆದವರಿಗೆ ಒಂದು ಸಾಲು ಕೊಟ್ಟ. ಅದು ಬೈಬಲಿನದಲ್ಲ, ಭಕ್ತಿಗೀತೆಯೊಂದರ ಸಾಲು. ಬೈಬಲ್ ವಚನಗಳು ಅದರ ಹಿಂದೆಯೇ ಬಂದವು. ದಿನಕ್ಕೊಂದು ವಾಕ್ಯ ಹಿಡಿದು ಬದುಕುವ ಈ ರೂಢಿ ಮೂರು ಶತಮಾನವಾಗುತ್ತ ಬಂದರೂ ನಿಂತಿಲ್ಲ.

ಆ ಹಳ್ಳಿಯವರಿಗೆ ಅಂಥದ್ದೊಂದು ಆಸರೆ ಬೇಕಿತ್ತು. ಅವರಲ್ಲಿ ಬಹಳಷ್ಟು ಜನ ಮೊರಾವಿಯದಿಂದ ಓಡಿಬಂದವರು. ಚರ್ಚ್ ಸುಧಾರಕ ಯಾನ್ ಹುಸ್‌ನ ಪರಂಪರೆಯ ಪ್ರಾಟೆಸ್ಟೆಂಟರಿಗೆ ಹಾಬ್ಸ್‌ಬರ್ಗ್ ಅರಸರ ನಾಡಿನಲ್ಲಿ ನೆಲೆಯಿರಲಿಲ್ಲ. 1722ರಲ್ಲಿ ಜಿನ್ಸೆಂಡಾರ್ಫ್‌ನ ಜಮೀನಿನಲ್ಲಿ ಮರ ಕಡಿದು ಊರು ಕಟ್ಟಿಕೊಂಡರು. ಕೆಲವೇ ವರ್ಷಗಳಲ್ಲಿ ಅವರೊಳಗೇ ಜಗಳ ಹತ್ತಿಕೊಂಡಿತು. 1727ರ ಆಗಸ್ಟ್ 13ರಂದು ಪಕ್ಕದ ಬರ್ತೆಲ್ಸ್‌ಡಾರ್ಫ್ ಚರ್ಚಿನಲ್ಲಿ ಒಟ್ಟಾಗಿ ಪ್ರಭುಭೋಜನ ಸ್ವೀಕರಿಸಿದ ಮೇಲೆ ಮನಸ್ಸುಗಳು ಕೂಡಿದವು. ಕೂಡಿದ ಮನಸ್ಸುಗಳನ್ನು ದಿನದಿನವೂ ಹಾಗೆಯೇ ಉಳಿಸಿಕೊಳ್ಳುವುದು ಬೇರೆಯದೇ ಕೆಲಸ.

ಆಗ ಊರಿನಲ್ಲಿದ್ದದ್ದು 32 ಮನೆ. ಬೆಳಿಗ್ಗೆ ಸಭೆಯವರೊಬ್ಬರು ಆ ದಿನದ ವಾಕ್ಯವನ್ನು ಮನೆಮನೆಗೂ ಮುಟ್ಟಿಸುತ್ತಿದ್ದರು. ಬರಿಗೈಯಲ್ಲಿ ಹಿಂತಿರುಗುತ್ತಿರಲಿಲ್ಲ. ಆ ಮನೆಯವರು ಹೇಗಿದ್ದಾರೆ, ಯಾರ ಮನಸ್ಸು ಕುಗ್ಗಿದೆ ಎಂಬುದನ್ನು ತಿಳಿದುಕೊಂಡು ಹಿರಿಯರಿಗೆ ಹೇಳುತ್ತಿದ್ದರು. ಈ ಪದ್ಧತಿಯ ಜೀವ ಇರುವುದು ಇಲ್ಲಿಯೇ. ಧೈರ್ಯದ ಮಾತು ಹಾಳೆಯ ಮೇಲೆ ಬರಲಿಲ್ಲ, ಬಾಗಿಲು ತಟ್ಟಿ ಯೋಗಕ್ಷೇಮ ಕೇಳುವ ಮನುಷ್ಯನ ಬಾಯಲ್ಲಿ ಬಂತು.

ಇಡೀ ವರ್ಷದ ವಾಕ್ಯಗಳು 1731ರಲ್ಲಿ ಪುಸ್ತಕವಾಗಿ ಅಚ್ಚಾದವು. ಲೋಸುಂಗೆನ್ ಎಂಬ ಹೆಸರಿನ ಆ ಪುಸ್ತಕ ಅಂದಿನಿಂದ ವರ್ಷ ತಪ್ಪದೆ ಬರುತ್ತಿದೆ. ಹಳೆಯ ಒಡಂಬಡಿಕೆಯ ವಾಕ್ಯವನ್ನು ಯಾರೂ ಆರಿಸುವುದಿಲ್ಲ. ಬೋಗುಣಿಯಿಂದ ಚೀಟಿ ಎತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ಯೋಚಿಸಿ ಜೋಡಿಸುತ್ತಾರೆ, ಜೊತೆಗೆ ಒಂದು ಪ್ರಾರ್ಥನೆ ಅಥವಾ ಹಾಡಿನ ಸಾಲು. ಅನುವಾದಕ್ಕೂ ಮುದ್ರಣಕ್ಕೂ ಸಮಯ ಬೇಕಾದ್ದರಿಂದ ಈಗ ಚೀಟಿ ಎತ್ತುವುದು ಮೂರು ವರ್ಷ ಮೊದಲೇ. ಚೀಟಿಯ ಮೇಲೆ ಅಂದಿನ ಹೆರ್ನ್‌ಹೂಟ್ ಜನಕ್ಕಿದ್ದ ನಂಬಿಕೆ ಒಮ್ಮೊಮ್ಮೆ ಅತಿಗೂ ಹೋಗಿತ್ತು, ಮದುವೆಯನ್ನೂ ಚೀಟಿ ಹಾಕಿಯೇ ತೀರ್ಮಾನಿಸುತ್ತಿದ್ದರು. ಆದರೆ ದಿನದ ವಾಕ್ಯದ ಮಟ್ಟಿಗೆ ಚೀಟಿ ಒಂದು ಒಳ್ಳೆಯ ಕೆಲಸ ಮಾಡಿತು. ಕೇಳಲು ಹಿತವಾದದ್ದನ್ನಷ್ಟೇ ಆರಿಸಿಕೊಳ್ಳುವ ಅವಕಾಶವನ್ನು ಅದು ಯಾರಿಗೂ ಕೊಡಲಿಲ್ಲ.

1732ರ ಆಗಸ್ಟ್‌ನಲ್ಲಿ ಲಿಯೊನ್‌ಹಾರ್ಡ್ ಡೋಬರ್ ಮತ್ತು ಡೇವಿಡ್ ನಿಚ್‌ಮನ್ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದ ಗುಲಾಮರ ನಡುವೆ ಕೆಲಸ ಮಾಡಲು ಹೊರಟರು. ಮರುವರ್ಷ ಇನ್ನೂ ಕೆಲವರು ಗ್ರೀನ್‌ಲ್ಯಾಂಡಿನ ಹಿಮದತ್ತ ನಡೆದರು. ಪತ್ರ ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲ ಅದು. ಊರಿನಲ್ಲಿ ಇವತ್ತು ಓದುವ ವಾಕ್ಯವನ್ನೇ ತಾವೂ ಓದುತ್ತಿದ್ದೇವೆ ಎಂಬ ಅರಿವು ಆ ಒಂಟಿ ಜನಕ್ಕೆ ಎಷ್ಟು ದೊಡ್ಡ ಬಲವಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಎರಡು ಶತಮಾನಗಳ ನಂತರ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್‌ನ ಬದುಕಿನಲ್ಲೂ ಈ ಪುಸ್ತಕ ಹಾಸುಹೊಕ್ಕಾಗಿತ್ತು. 1939ರ ಜೂನ್‌ನಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯುವುದೇ, ಹಿಟ್ಲರನ ಜರ್ಮನಿಗೆ ಮರಳುವುದೇ ಎಂದು ಆತ ಹೊಯ್ದಾಡುತ್ತಿದ್ದ. ದೇವರ ನ್ಯಾಯತೀರ್ಪಿನ ಕುರಿತ ಆ ದಿನದ ವಾಕ್ಯ ಎಷ್ಟು ಕಠಿಣವಾಗಿದೆಯೆಂದು ಆಗ ದಿನಚರಿಯಲ್ಲಿ ಬರೆದುಕೊಂಡ. ಮುಂದಿನ ತಿಂಗಳೇ ಜರ್ಮನಿಗೆ ಹಡಗು ಹತ್ತಿದ. 1944ರ ಜುಲೈ 20ರಂದು ಹಿಟ್ಲರನ ಹತ್ಯೆಯ ಸಂಚು ವಿಫಲವಾಯಿತು. ಸಂಚುಗಾರರ ಗುಂಪಿನೊಡನೆ ನಂಟಿದ್ದ ಬಾನ್‌ಹೋಫರ್ ಆಗ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದ. ತನ್ನ ಮುಂದಿನ ಗತಿ ಏನೆಂದು ಅವನಿಗೆ ಗೊತ್ತಿರಬೇಕು. ಆದರೂ ಮರುದಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ನಿನ್ನೆಯ ಮತ್ತು ಇಂದಿನ ವಾಕ್ಯಗಳು ತುಂಬ ಚೆನ್ನಾಗಿವೆ ಎಂದು ಸಂತೋಷಪಟ್ಟ. ಮೊದಲ ದಿನದ್ದು ರಥ ಕುದುರೆಗಳನ್ನು ನೆಚ್ಚದ 20ನೇ ಕೀರ್ತನೆಯದು, ಮರುದಿನದ್ದು ಕುರುಬನ 23ನೇ ಕೀರ್ತನೆಯದು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ಕನ್ನಡಿಗರ ಮನೆಗಳಲ್ಲಿ ಇಂಥ ರೂಢಿ ಬೇರೂರಬೇಕಾದರೆ ಮೊದಲು ಕನ್ನಡದ ಬೈಬಲ್ ಬೇಕಿತ್ತು. ಬಳ್ಳಾರಿಯಲ್ಲಿ ನೆಲೆಸಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಅದು ಪೂರ್ತಿಯಾಗಿ ಸಿಕ್ಕಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ಜಿನ್ಸೆಂಡಾರ್ಫ್‌ನನ್ನು ಬೆಳೆಸಿದ ಜರ್ಮನ್ ಭಕ್ತಿಪಂಥದ ಮಣ್ಣಿನದೇ. ಮನೆಯವರೆಲ್ಲ ಕೂತು ವಾಕ್ಯ ಓದುವುದು ಆ ಪಂಥದ ನಿತ್ಯದ ನಡವಳಿಕೆಯಾಗಿತ್ತು. ಇವತ್ತಿಗೂ ಕರ್ನಾಟಕದ ಅನೇಕ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷದ ವಾಗ್ದಾನ ವಚನವನ್ನು ಚೀಟಿ ಎತ್ತಿ ಪಡೆಯುವುದುಂಟು.

ಲೋಸುಂಗೆನ್ ಈಗ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತದೆ. ಹೆರ್ನ್‌ಹೂಟ್ 2024ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ತೀರ್ಮಾನವಾದ ಸಭೆ ನಡೆದದ್ದು ನವದೆಹಲಿಯಲ್ಲಿ. ಪಟ್ಟಿಗೆ ಸೇರಿದ್ದು ಊರಿನ ಮನೆಗಳು, ಪ್ರಾರ್ಥನಾಲಯ, ಸ್ಮಶಾನ. ಚೀಟಿ ಎತ್ತುವ ಕೆಲಸ ಅದೇ ಊರಿನಲ್ಲಿ ವರ್ಷವರ್ಷವೂ ನಡೆಯುತ್ತಿದೆ.