ದುಂಡು ಚುಕ್ಕೆಯಿಂದ ತ್ರಿಕೋನಕ್ಕೆ: ಆಹಾರ ಪೊಟ್ಟಣದ ಚಿಹ್ನೆ ಮತ್ತು ವರ್ಣಾಂಧ ಗ್ರಾಹಕ

2011ರ ಲೇಬಲಿಂಗ್ ನಿಯಮಾವಳಿಯ ಪ್ರಕಾರ ಭಾರತದ ಆಹಾರ ಪೊಟ್ಟಣಗಳ ಮೇಲಿನ ಸಸ್ಯಾಹಾರ, ಮಾಂಸಾಹಾರ ಚಿಹ್ನೆಗಳೆರಡೂ ಚೌಕದೊಳಗಿನ ದುಂಡು ಚುಕ್ಕೆಗಳೇ ಆಗಿದ್ದವು. ಒಂದು ಹಸಿರು, ಇನ್ನೊಂದು ಕಂದು. ಚಿಕ್ಕ ಪೊಟ್ಟಣದಲ್ಲಿ ಚುಕ್ಕೆಯ ವ್ಯಾಸ 3 ಮಿ.ಮೀ. ಇದ್ದರೂ ಸಾಕಿತ್ತು. ಆಕಾರದಲ್ಲಿ ವ್ಯತ್ಯಾಸವಿಲ್ಲದ ಕಾರಣ ಅರ್ಥವೆಲ್ಲ ಬಣ್ಣವನ್ನೇ ನೆಚ್ಚಿಕೊಂಡಿತ್ತು.

ತೊಡಕಿದ್ದುದು ಅಲ್ಲಿಯೇ. ಅಕ್ಷಿಪಟಲದ ಮೂರು ಬಗೆಯ ಶಂಕುಕೋಶಗಳ ಪೈಕಿ ಉದ್ದ ಮತ್ತು ಮಧ್ಯಮ ತರಂಗಾಂತರದ ಬೆಳಕನ್ನು ಗ್ರಹಿಸುವ ಎರಡಕ್ಕೆ ಸಂಬಂಧಿಸಿದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಆದ್ದರಿಂದ ಕೆಂಪು–ಹಸಿರು ವರ್ಣಾಂಧತೆ ಒಂದೇ ಎಕ್ಸ್ ಇರುವ ಗಂಡಸರಲ್ಲಿ ಹೆಚ್ಚು. ಉತ್ತರ ಯುರೋಪ್ ಮೂಲದವರಲ್ಲಿ ಗಂಡಸರ ಪ್ರಮಾಣ ಸುಮಾರು ಶೇ. 8, ಹೆಂಗಸರದು ಸುಮಾರು ಶೇ. 0.5. ಇಂಥವರಲ್ಲಿ ಅನೇಕರಿಗೆ ಹಸಿರೂ ಕಂದೂ ಮಾಸಲು ಹಳದಿಯ ಛಾಯೆಗಳಾಗಿ ಕಾಣುತ್ತವೆ. ಎರಡರ ಗಾಢತೆಯೂ ಹತ್ತಿರವಿದ್ದು, ಚುಕ್ಕೆಯೂ ಸಾಸಿವೆಕಾಳಿನಷ್ಟಿದ್ದರೆ ಗುರುತಿಸಲು ಆಧಾರವೇ ಉಳಿಯದು. ಮಾಂಸ ಮುಟ್ಟದ ಮನೆಯವರಿಗೆ ಇದು ನಂಬಿಕೆಯ ಪ್ರಶ್ನೆ. ಸಣ್ಣ ಅನನುಕೂಲವೆಂದು ತಳ್ಳಿಹಾಕುವಂತಿಲ್ಲ.

2020ರ ನಿಯಮಾವಳಿ ಮಾಂಸಾಹಾರದ ಚಿಹ್ನೆಯನ್ನು ಚೌಕದೊಳಗಿನ ಕಂದು ತ್ರಿಕೋನವಾಗಿ ಬದಲಿಸಿತು. ಬಣ್ಣಗಳನ್ನು ಹಾಗೆಯೇ ಉಳಿಸಿಕೊಂಡದ್ದು ಈ ತಿದ್ದುಪಡಿಯ ಜಾಣತನ. ಬಣ್ಣ ನೋಡಿ ಕೊಳ್ಳುವವರ ರೂಢಿ ಕೆಡಲಿಲ್ಲ, ಕಾಣದವರಿಗೆ ಆಕಾರ ಸಿಕ್ಕಿತು. ಮಂದ ಬೆಳಕಿನ ಅಂಗಡಿಯಲ್ಲಿ ಇದರ ಉಪಯೋಗ ಎಲ್ಲರಿಗೂ ಉಂಟು.

ವಿನ್ಯಾಸಕಾರರು ಸಾಮಾನ್ಯವಾಗಿ ಮೊದಲು ಹುಡುಕುವುದು ಸುರಕ್ಷಿತ ಬಣ್ಣಗಳ ಪಟ್ಟಿಯನ್ನು. ಜಪಾನಿನ ಮಸತಾಕ ಒಕಾಬೆ ಮತ್ತು ಕೇಯಿ ಇತೊ ರೂಪಿಸಿದ ಎಂಟು ಬಣ್ಣಗಳ ಪಟ್ಟಿ ನಕ್ಷೆ, ಗ್ರಾಫ್‌ಗಳಿಗೆ ನಿಜಕ್ಕೂ ಉಪಯುಕ್ತ. ಆದರೂ ಬಣ್ಣದ ಆಯ್ಕೆ ಎರಡನೆಯ ಹೆಜ್ಜೆಯಾಗಬೇಕೆಂಬುದು ನನ್ನ ವಾದ. ಎಷ್ಟೇ ಎಚ್ಚರದಿಂದ ಆರಿಸಿದ ಬಣ್ಣವೂ ಕಪ್ಪು–ಬಿಳುಪು ಜೆರಾಕ್ಸ್‌ನಲ್ಲಿ ಬೂದಿಯಾಗುತ್ತದೆ; ಆಕಾರ, ಗೆರೆಯ ಬಗೆ, ಅಕ್ಷರ ಉಳಿಯುತ್ತವೆ.

ಬೆಂಗಳೂರಿನ ನಮ್ಮ ಮೆಟ್ರೊಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಮಾರ್ಗಗಳ ಹೆಸರೇ ಬಣ್ಣದ ಹೆಸರು. ನೇರಳೆಯೊಳಗಿನ ಕೆಂಪಂಶವನ್ನು ಗ್ರಹಿಸಲಾಗದ ಕಣ್ಣಿಗೆ ಅದು ನೀಲಿಯಂತೆಯೇ ತೋರುತ್ತದೆ. ನೇರಳೆ ಮತ್ತು ನೀಲಿ ಮಾರ್ಗಗಳು ಸಂಧಿಸುವಂತೆ ಯೋಜಿಸಿರುವ ಕೃಷ್ಣರಾಜಪುರದಲ್ಲಿ ದಾರಿ ತಪ್ಪುವ ಸಂಭವ ಹೆಚ್ಚು. ನಕ್ಷೆಯ ಮೂಲೆಯಲ್ಲಿ ಬಣ್ಣದ ಕೀಲಿ ಕೊಟ್ಟರೆ ಸಾಲದು. ಮಾರ್ಗದ ಹೆಸರನ್ನು ಆಯಾ ಗೆರೆಯ ಮೇಲೆಯೇ ಬರೆಯಬೇಕು, ಒಂದು ಗೆರೆಗೆ ಅಡ್ಡಗೀರು ಹಾಕಬೇಕು, ಪ್ಲಾಟ್‌ಫಾರ್ಮ್ ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು ದಪ್ಪಕ್ಷರದಲ್ಲಿರಬೇಕು. ಕರಡು ನಕ್ಷೆಯನ್ನು ಕಪ್ಪು–ಬಿಳುಪಿನಲ್ಲಿ ಅಚ್ಚು ಹಾಕಿ, ವರ್ಣಾಂಧ ಪ್ರಯಾಣಿಕರ ಕೈಗೆ ಕೊಟ್ಟು ದಾರಿ ಹೇಳಿಸಿದ ಮೇಲೆಯೇ ಅದಕ್ಕೆ ಒಪ್ಪಿಗೆ ಕೊಡುವುದು ಸರಿ.