ತೋಟಾದ ಕೊಬ್ಬು, ತಂಬಿಗೆಯ ನೀರು

1857 ಅಂದ ಕೂಡಲೆ ನಮ್ಮ ಪಠ್ಯಪುಸ್ತಕಗಳು ಕೊಬ್ಬು ಸವರಿದ ತೋಟಾದ ಮಾತೆತ್ತುತ್ತವೆ. ಆ ಕೊಬ್ಬು ಯಾಕೆ ಬೇಕಿತ್ತು, ಅದರ ಮಾತನ್ನು ಸಿಪಾಯಿಯ ಕಿವಿಗೆ ಹಾಕಿದವನು ಯಾರು, ಇದನ್ನು ನಮಗೆ ಯಾರೂ ಹೇಳಲಿಲ್ಲ.

ಸಿಪಾಯಿಗಳ ಹಳೆಯ ಬಂದೂಕಿನ ನಳಿಗೆ ಒಳಗೆಲ್ಲ ನುಣುಪು. ಗುಂಡು ಸಡಿಲವಾಗಿ ಇಳಿಯುತ್ತಿತ್ತು. 1853ರ ಮಾದರಿಯ ಹೊಸ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಸುತ್ತಿದ ಮೂರು ಗೀರುಗಳು. ಕಾಗದದ ತೋಟಾದ ತುದಿಯನ್ನು ಹಲ್ಲಿಂದ ಕಚ್ಚಿ ಹರಿಯಬೇಕು. ಮದ್ದನ್ನು ನಳಿಗೆಗೆ ಸುರಿಯಬೇಕು. ಗುಂಡನ್ನಿಟ್ಟು ಸಲಾಕೆಯಿಂದ ತಳಮುಟ್ಟ ದೂಡಬೇಕು. ಕೊನೆಗೆ ಕೇಪು ತೊಡಿಸಬೇಕು. ಹಾರಿಸುತ್ತಾ ಹೋದಂತೆ ಒಳಗೆ ಮದ್ದಿನ ಮಸಿ ಕಟ್ಟಿ ಗುಂಡು ಸಿಕ್ಕಿಕೊಳ್ಳುತ್ತೆ. ಅದಕ್ಕೇ ಗುಂಡಿನ ಸುತ್ತಲ ಕಾಗದಕ್ಕೆ ಕೊಬ್ಬು. ಅದು ಯಾವ ಪ್ರಾಣಿಯದೆಂದು ಕಂಪನಿ ವಿಚಾರಿಸಿರಲಿಲ್ಲ.

1857ರ ಜನವರಿ. ಕಲ್ಕತ್ತದ ಬಳಿಯ ದಮ್‌ದಮ್‌ನಲ್ಲಿ ಹೊಸ ರೈಫಲ್ಲಿನ ತರಬೇತಿ ನಡೆದಿತ್ತು. ಗುಂಡು ಹಾರಿಸುವ ಪಾಠ ಇನ್ನೂ ಬಂದಿರಲಿಲ್ಲ. ಅಲ್ಲಿನ ಕೆಳಜಾತಿಯ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ತಂಬಿಗೆಯಿಂದ ನೀರು ಕೇಳಿದ. ಜಾತಿ ಅಡ್ಡ ಬಂತು. ನೀರು ಸಿಗಲಿಲ್ಲ. ದನದ, ಹಂದಿಯ ಕೊಬ್ಬಿನ ತೋಟಾ ಕಚ್ಚುವ ದಿನ ಬಂದಾಗ ನಿನ್ನ ಜಾತಿಯೂ ಹೋಗುತ್ತೆ ಅನ್ನೋ ಅರ್ಥದಲ್ಲಿ ಅವನು ತಿರುಗಿ ಅಂದ. ಕ್ಯಾಪ್ಟನ್ ರೈಟ್ ಎಂಬ ಅಧಿಕಾರಿ ಇದನ್ನು ಮೇಲಿನವರಿಗೆ ವರದಿ ಮಾಡಿದ. ವರದಿಯಲ್ಲಿ ಖಲಾಸಿಗೆ ಹೆಸರಿಲ್ಲ. ಮುಂದೆ ಉತ್ತರದ ದಲಿತರು ಅವನನ್ನು ಮಾತಾದೀನ್ ಭಂಗಿ ಎಂದು ಕರೆದು ನೆನಪಿನಲ್ಲಿ ಉಳಿಸಿಕೊಂಡರು.

ಸರ್ಕಾರ ಬೇಗನೆ ಎಚ್ಚೆತ್ತಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನೇ ಹಚ್ಚಿಕೊಳ್ಳಲಿ ಎಂದು ಅದೇ ತಿಂಗಳು ಒಪ್ಪಿತು. ಆಮೇಲೆ ಹಲ್ಲು ಬೇಡ, ಕೈಯಿಂದ ಹರಿಯಿರಿ ಅಂತ ಕವಾಯತನ್ನೇ ಬದಲಿಸಿತು. ಆದರೆ ನಂಬಿಕೆ ಮುರಿದಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಜನ ತೋಟಾ ಮುಟ್ಟಲಿಲ್ಲ. ಅವು ಹಳೆಯ ತೋಟಾಗಳೇ ಆಗಿದ್ದವು. ಮೇ 10ಕ್ಕೆ ದಂಗೆ ಎದ್ದಿತು.

1856ರಲ್ಲಿ ಅವಧ್ ರಾಜ್ಯವನ್ನೇ ನುಂಗಿದ ಕಂಪನಿಯ ಮೇಲೆ ಸಿಪಾಯಿಗಳಿಗಿದ್ದ ಸಿಟ್ಟು ಸುಳ್ಳಲ್ಲ. ಅದನ್ನು ನಾವು ಹಗುರ ಮಾಡುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಮೈಲಿಗೆಯ ಭಯಕ್ಕೆ ಕವಾಯತೇ ಬದಲಾಯಿತು. ಬಾಯಾರಿದವನಿಗಾಗಿ ಯಾವ ಆದೇಶ ಹೊರಟಿತು?

70 ವರ್ಷ ಕಳೆದು, 1927ರ ಮಾರ್ಚ್ 20ರಂದು, ಮಹಾಡದ ಚೌದಾರ್ ಕೆರೆಗೆ ಅಂಬೇಡ್ಕರರು ಇಳಿದರು. ಅವರ ಹಿಂದೆ ನಮ್ಮ ಜನ ಇಳಿದರು. ಯಾರ ತಂಬಿಗೆಯನ್ನೂ ಕೇಳದೆ ಬೊಗಸೆಯಲ್ಲೇ ನೀರು ಕುಡಿದರು. 1857ರ ಪಾಠ ಮಾಡುವ ಮೇಷ್ಟ್ರುಗಳೇ, ಕೊಬ್ಬಿನ ಕತೆಯ ಜೊತೆಗೆ ಆ ನೀರಿನ ಕತೆಯನ್ನೂ ಮಕ್ಕಳಿಗೆ ಹೇಳಿ.