ಕೆಂಪು ಅಂದ್ರೆ ಎಷ್ಟು ದಪ್ಪ?

ಆಟೋಕ್ಯಾಡ್‌ನಲ್ಲಿ ಮನೆ ಪ್ಲಾನ್ ಬರೆಯೋ ಯಾರನ್ನಾದ್ರೂ ಕೇಳಿ ನೋಡಿ, ಈ ದೂರು ಇದ್ದೇ ಇರುತ್ತೆ. ಪರದೆ ಮೇಲೆ ಎಲ್ಲ ಗೆರೆಗಳೂ ಒಂದೇ ದಪ್ಪ. ಪ್ರಿಂಟ್ ಕೊಟ್ಟರೆ ಗೋಡೆ ಕೂದಲೆಳೆಯ ಹಾಗೆ ಬರುತ್ತೆ, ಹಾಲ್‌ನಲ್ಲಿಟ್ಟ ಸೋಫಾ ಮಾತ್ರ ಕೋಟೆ ಗೋಡೆ ಥರ. ಹಳದಿಯಲ್ಲಿ ಬರೆದದ್ದು ಕಾಗದದ ಮೇಲೆ ಇದೆಯೋ ಇಲ್ಲವೋ ಅಂತ ಕಿಟಕಿ ಬೆಳಕಿಗೆ ಹಿಡಿದು ನೋಡಬೇಕು. ತುಂಡುತುಂಡಾಗಿ ಬರಬೇಕಾದ ಗೆರೆ ಒಂದೇ ಉದ್ದಕ್ಕೆ ಎಳೆದ ಹಾಗೆ ಬಂದು ಕೂತಿರುತ್ತೆ. ಮೊದಲು ಬೈಸಿಕೊಳ್ಳೋದು ಪ್ರಿಂಟರ್, ಆಮೇಲೆ ಫೈಲ್ ಕಳಿಸಿದ ಪುಣ್ಯಾತ್ಮ. ಹೆಚ್ಚಿನ ಸಲ ಇಬ್ಬರದೂ ತಪ್ಪಿರೋದಿಲ್ಲ. ಈ ತೊಂದರೆಗಳಲ್ಲಿ ಬಹುಪಾಲಿನ ಬೇರು ಈಗ ಗುಜರಿ ಸೇರಿರೋ ಒಂದು ಯಂತ್ರದಲ್ಲಿದೆ. ಅದರ ಕಥೆ ಹೇಳೋಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಕ್ಷೆಯಲ್ಲಿ ಗೆರೆಯ ದಪ್ಪ ಅಂದ ಚೆಂದಕ್ಕೆ ಇರೋದಲ್ಲ. ಮನೆಯನ್ನ ಕಿಟಕಿ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ ಮೇಲಿಂದ ನೋಡಿದ ಚಿತ್ರಕ್ಕೇ ಪ್ಲಾನ್ ಅನ್ನೋದು. ಕತ್ತಿ ತಾಗಿದ್ದು, ಅಂದರೆ ಗೋಡೆ, ಕಂಬ, ದಪ್ಪ ಗೆರೆ. ಕತ್ತಿಗಿಂತ ಕೆಳಗೆ ಕಾಣೋದು, ಅಂದರೆ ಅಡುಗೆ ಕಟ್ಟೆ, ಮೆಟ್ಟಿಲು, ತೆಳು ಗೆರೆ. ಅಳತೆ ತೋರಿಸೋ ಗೆರೆ ಇನ್ನೂ ತೆಳು. ತಲೆ ಮೇಲಿರೋದು, ಅಂದರೆ ತೊಲೆ, ಸಜ್ಜೆ, ಲಾಫ್ಟ್, ತುಂಡುಗೆರೆ. ಅಕ್ಷರ ಬಾರದ ಮೇಸ್ತ್ರಿಯೂ ಇಷ್ಟನ್ನ ಸಲೀಸಾಗಿ ಓದ್ತಾನೆ. ದಪ್ಪ ತಪ್ಪಿದರೆ ಅರ್ಥವೂ ತಪ್ಪುತ್ತೆ.

ಇದನ್ನ ಕೈಯಲ್ಲಿ ಮಾಡ್ತಿದ್ದ ಕಾಲದಲ್ಲಿ ರೂಲಿಂಗ್ ಪೆನ್ ಅಂತ ಒಂದಿತ್ತು. ಎರಡು ಉಕ್ಕಿನ ಅಲಗು, ನಡುವೆ ಒಂದು ಪುಟ್ಟ ತಿರುಪು. ಅಲಗುಗಳ ಸಂದಿಗೆ ಒಂದು ಹನಿ ಇಂಡಿಯನ್ ಇಂಕ್ ಬಿಟ್ಟು, ತಿರುಪು ತಿರುಗಿಸಿದಷ್ಟು ಗೆರೆಯ ದಪ್ಪ. ಅಳತೆ ಗುರುತು ಏನೂ ಇಲ್ಲ, ಕೈಗೆ ಗೊತ್ತಿರಬೇಕು ಅಷ್ಟೇ. ಬೆಳಿಗ್ಗೆ ಎಳೆದ ಗೋಡೆಗೂ ಮಧ್ಯಾಹ್ನ ಊಟ ಮಾಡಿ ಬಂದು ಎಳೆದ ಗೋಡೆಗೂ ದಪ್ಪ ಹೊಂದಿಸೋದು ಟ್ರೇಸರ್‌ನ ಕಸುಬುದಾರಿಕೆ. ಇಂಕು ಸ್ಕೇಲಿನ ಅಂಚಿಗೆ ತಾಗಿತೋ, ಅಡಿಗೆ ನುಗ್ಗಿ ಹರಡಿಬಿಡುತ್ತೆ. ಆಗ ಬ್ಲೇಡ್ ತಗೊಂಡು ಟ್ರೇಸಿಂಗ್ ಪೇಪರ್ ಹರಿಯದ ಹಾಗೆ ಕೆರೆಯಬೇಕು. ಹಾಗೆ ಕೆರೆದ ಜಾಗದಲ್ಲಿ ಮತ್ತೆ ಗೆರೆ ಎಳೆದರೆ ಇಂಕು ಇನ್ನೂ ಹರಡುತ್ತೆ, ಅದು ಬೇರೆ ಗೋಳು.

(ಅಂದ ಹಾಗೆ, ನಮ್ಮ ಪೇಪರ್‌ನೋರು ಯಾವ ಯೋಜನೆಗಾದ್ರೂ ‘ನೀಲನಕ್ಷೆ’ ಅಂತ ಬರೀತಾರಲ್ಲ, ಅದೂ ಇಲ್ಲಿಂದಲೇ ಬಂದದ್ದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಪ್ರಿಂಟಿಂಗ್ ವಿಧಾನ. ಟ್ರೇಸಿಂಗ್ ಅನ್ನ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಕಾಗದ ನೀಲಿಯಾಗುತ್ತೆ, ಗೆರೆಯ ನೆರಳು ಬಿದ್ದ ಜಾಗ ಬಿಳಿಯಾಗಿ ಉಳಿಯುತ್ತೆ. ಗೆರೆ ತೀರಾ ತೆಳುವಾಗಿದ್ರೆ ಬೆಳಕು ನುಸುಳಿ ಅದನ್ನೂ ನುಂಗುತ್ತೆ. ಪ್ರಿಂಟ್‌ನಲ್ಲಿ ಗೆರೆ ಕಾಣೆಯಾಗೋ ಕಾಯಿಲೆ ಕಂಪ್ಯೂಟರ್‌ಗಿಂತ ಹಳೇದು ಅಂದಾಯ್ತು.)

1953ರಲ್ಲಿ ಜರ್ಮನಿಯ ರೋಟ್ರಿಂಗ್ ಕಂಪನಿ ರ‍್ಯಾಪಿಡೋಗ್ರಾಫ್ ಪೆನ್ನು ತಂತು. ಮೂತಿ ಅನ್ನೋದು ಸಣ್ಣ ಕೊಳವೆ, ಕೊಳವೆ ಎಷ್ಟು ಅಗಲವೋ ಗೆರೆ ಅಷ್ಟೇ ದಪ್ಪ. ಒಂದೊಂದು ದಪ್ಪಕ್ಕೂ ಒಂದೊಂದು ಪೆನ್ನು. ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ‘ರೋಟ್ರಿಂಗ್’ ಅನ್ನೋದೇ ಪೆನ್ನಿನ ಹೆಸರಾಗಿಹೋಯ್ತು. ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ದಪ್ಪಗಳಿಗೆ ಪಟ್ಟಿ ಮಾಡಿತು: 0.18, 0.25, 0.35, 0.5, 0.7, 1 ಮಿಲಿಮೀಟರ್. ಪೆನ್ನಿಗೆ ಬಣ್ಣದ ಪಟ್ಟಿಗಳೂ ಬಂದವು. 0.25ಕ್ಕೆ ಬಿಳಿ, 0.35ಕ್ಕೆ ಹಳದಿ, 0.5ಕ್ಕೆ ಕಂದು, 0.7ಕ್ಕೆ ನೀಲಿ.

ಈ ಸಂಖ್ಯೆಗಳು ಯಾಕೆ ಹೀಗೆ ವಕ್ರವಾಗಿವೆ? 0.2, 0.3, 0.4 ಅಂತ ಇಡಬಹುದಿತ್ತಲ್ಲ? ಕಾರಣ ಕಾಗದದಲ್ಲಿದೆ. ಎ1 ಹಾಳೆಯನ್ನ ಎ2ಗೆ ಇಳಿಸಿದರೆ ಉದ್ದಗಲ ಎರಡೂ ಸುಮಾರು 0.7 ಪಾಲು ಆಗುತ್ತೆ, ಎರಡರ ವರ್ಗಮೂಲದ ಲೆಕ್ಕ. ಗೆರೆಯ ದಪ್ಪವೂ ಅಷ್ಟೇ ಪಾಲು ಇಳಿಯುತ್ತೆ. 0.7 ಇದ್ದದ್ದು 0.5, 0.5 ಇದ್ದದ್ದು 0.35, ಹೀಗೆ. ದೊಡ್ಡ ನಕ್ಷೆಗಳನ್ನ ಮೈಕ್ರೋಫಿಲ್ಮ್ ಮಾಡಿ ಚಿಕ್ಕ ಹಾಳೆಗೆ ತೆಗೀತಿದ್ದ ಕಾಲ ಅದು. ಚಿಕ್ಕದಾದ ಪ್ರತಿಯ ಮೇಲೆ ತಿದ್ದುಪಡಿ ಮಾಡಬೇಕಾ? ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿನ ಪೆನ್ನು ತಗೊಳ್ಳಿ, ಹಳೇ ಗೆರೆಗೂ ಹೊಸ ಗೆರೆಗೂ ವ್ಯತ್ಯಾಸವೇ ತಿಳಿಯೋದಿಲ್ಲ. ಸಮಿತಿ ಕೂತು ಮಾಡಿದ ಕೆಲಸಗಳಲ್ಲಿ ಇಷ್ಟು ಜಾಣತನದ್ದು ನಾನು ಹೆಚ್ಚು ನೋಡಿಲ್ಲ. ಇವತ್ತೂ ಸಾಫ್ಟ್‌ವೇರ್‌ನ ಲೈನ್‌ವೇಟ್ ಪಟ್ಟಿ ತೆರೆದರೆ ಇದೇ 0.18, 0.25, 0.35 ಕಾಣುತ್ತೆ.

ಈಗ ಕಂಪ್ಯೂಟರ್‌ಗೆ ಬರೋಣ. ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ 1963ರಲ್ಲಿ ‘ಸ್ಕೆಚ್‌ಪ್ಯಾಡ್’ ಮಾಡಿದ. ಲೈಟ್ ಪೆನ್ನಿನಿಂದ ಪರದೆ ಮೇಲೇ ಗೆರೆ ಎಳೆಯಬಹುದಿತ್ತು. ಗೆರೆ ಅಂದರೆ ಅಲ್ಲಿ ಎರಡು ತುದಿಗಳು, ಅಷ್ಟೇ. ನಮ್ಮ ಹೈಸ್ಕೂಲ್ ಜ್ಯಾಮಿತಿ ಮೇಷ್ಟ್ರು ಹೇಳಿದ ಹಾಗೆ ಉದ್ದ ಉಂಟು, ದಪ್ಪ ಇಲ್ಲ. ಇಂದಿನ ಕ್ಯಾಡ್ ಕೂಡ ಗೆರೆಯನ್ನ ಮೂಲತಃ ಹೀಗೇ ಇಟ್ಟುಕೊಳ್ಳೋದು. ದಪ್ಪ ಅನ್ನೋದು ಆಮೇಲೆ ಮೇಲಿಂದ ಹೊದಿಸಿದ ಬಟ್ಟೆ.

ದಪ್ಪದ ಮಾತು ಆಮೇಲಿರಲಿ, ಗೆರೆ ಎಳೆಯೋದೇ ಕಷ್ಟ ಇತ್ತು. 1962ರಲ್ಲಿ ಐ.ಬಿ.ಎಂ.ನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಜ್ಯಾಕ್ ಬ್ರೆಸೆನ್‌ಹ್ಯಾಮ್ ಮುಂದೆ ಒಂದು ಕ್ಯಾಲ್‌ಕಾಂಪ್ ಪ್ಲಾಟರ್ ಇತ್ತು. ಉರುಳೆ ಮೇಲಿನ ಕಾಗದ ಹಿಂದೆಮುಂದೆ ಹೋಗುತ್ತೆ, ಪೆನ್ನು ಅಡ್ಡಕ್ಕೆ ಹೋಗುತ್ತೆ. ಎರಡೂ ಸೇರಿದರೆ ಎಂಟು ದಿಕ್ಕು, ಅದಕ್ಕಿಂತ ಬೇರೆ ಓರೆ ಅದಕ್ಕೆ ಗೊತ್ತಿಲ್ಲ. ಹೀಗಿರೋವಾಗ ಏಳು ಹೆಜ್ಜೆ ಮುಂದೆ, ಮೂರು ಹೆಜ್ಜೆ ಮೇಲೆ ಇರೋ ಬಿಂದುವಿಗೆ ಓರೆಗೆರೆ ಹೇಗೆ ಎಳೆಯೋದು? ಭಾಗಾಕಾರ ಮಾಡಿ ದಶಮಾಂಶ ಲೆಕ್ಕ ಹಾಕೋದು ಆ ಯಂತ್ರಗಳಿಗೆ ಭಾರ.

ಬ್ರೆಸೆನ್‌ಹ್ಯಾಮ್ ಹುಡುಕಿದ ದಾರಿ ನಮ್ಮ ಪಂಚಾಂಗದೋರಿಗೆ ಹೊಸತಲ್ಲ ಅಂತ ನನಗೆ ಅನ್ನಿಸುತ್ತೆ. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಹಿಂದೆ ಬೀಳುತ್ತೆ. ಬಾಕಿ ಬೆಳೀತಾ ಹೋಗುತ್ತೆ, ಒಂದು ತಿಂಗಳಷ್ಟಾದಾಗ ಅಧಿಕಮಾಸ ಸೇರಿಸಿ ಬಾಕಿ ತೀರಿಸ್ತೀವಿ. ಪ್ಲಾಟರ್‌ನಲ್ಲೂ ಅಷ್ಟೇ. ಪ್ರತಿ ಹೆಜ್ಜೆಗೆ ಬಾಕಿಗೆ ಮೂರು ಸೇರಿಸು. ಬಾಕಿ ಏಳರ ಅರ್ಧ ದಾಟಿದರೆ ಒಂದು ಮೆಟ್ಟಿಲು ಮೇಲೆ ಹೋಗು, ಬಾಕಿಯಿಂದ ಏಳು ಕಳೆ. ಮೊದಲ ಹೆಜ್ಜೆಗೆ ಬಾಕಿ 3, ಹಾಗೇ ಮುಂದೆ. ಎರಡನೇದಕ್ಕೆ 6, ಅರ್ಧ ದಾಟಿತು, ಮೇಲೆ ಹತ್ತು, ಬಾಕಿ ಮೈನಸ್ 1. ಹೀಗೆ ಏಳು ಹೆಜ್ಜೆ ಮುಗಿಯೋ ಹೊತ್ತಿಗೆ ಸರಿಯಾಗಿ ಮೂರು ಮೆಟ್ಟಿಲು ಹತ್ತಿರ್ತೀವಿ, ಬಾಕಿ ಸೊನ್ನೆ. ಅರ್ಧದ ಕಾಟ ತಪ್ಪಿಸೋಕೆ ಎಲ್ಲವನ್ನೂ ಎರಡರಿಂದ ಗುಣಿಸಿದರಾಯ್ತು. ಬರೀ ಕೂಡೋದು, ಕಳೆಯೋದು. 1965ರಲ್ಲಿ ಇದು ಐ.ಬಿ.ಎಂ.ನ ಪತ್ರಿಕೆಯಲ್ಲಿ ಅಚ್ಚಾಯ್ತು. ಪರದೆ ಮೇಲೆ ಓರೆಗೆರೆ ಮೆಟ್ಟಿಲುಮೆಟ್ಟಿಲಾಗಿ ಕಂಡರೆ ಅದು ಕೆಟ್ಟುಹೋಗಿದೆ ಅಂತಲ್ಲ. ಚೌಕದ ಚುಕ್ಕಿಗಳ ಮೇಲೆ ಓರೆಯಾಗಿ ನಡೆಯೋ ದಾರಿಯೇ ಅದು.

ಸರಿ, ಗೆರೆ ಬಂತು. ದಪ್ಪ? ದಪ್ಪಕ್ಕೆ ಪ್ಲಾಟರ್ ಹಳೇ ಉಪಾಯವನ್ನೇ ಹಿಡಿಯಿತು: ಪೆನ್ನು ಬದಲಾಯಿಸೋದು. 1980ರ ದಶಕದಲ್ಲಿ ಆಫೀಸುಗಳಿಗೆ ಬಂದ ಎಚ್‌ಪಿ 7475ಎ ಪ್ಲಾಟರ್‌ಗೆ ಆರು ಪೆನ್ನು. ತಿರುಗೋ ತಟ್ಟೆಯಲ್ಲಿ ನಿಂತಿರುತ್ತವೆ. ‘ಎಸ್‌ಪಿ 3’ ಅಂತ ಆಜ್ಞೆ ಹೋದರೆ ತೋಳು ಹೋಗಿ ಮೂರನೇ ಪೆನ್ನು ಎತ್ತಿಕೊಳ್ಳುತ್ತೆ. ಅದು 0.25 ಪೆನ್ನೋ 0.7 ಪೆನ್ನೋ ಕಂಪ್ಯೂಟರ್‌ಗೆ ಗೊತ್ತಿಲ್ಲ. ಬೆಳಿಗ್ಗೆ ಬಂದು ಪೆನ್ನು ಸಿಕ್ಕಿಸಿದ ಮನುಷ್ಯನಿಗೆ ಮಾತ್ರ ಗೊತ್ತು. ಯಾರಾದ್ರೂ ಮೂರನ್ನೂ ನಾಲ್ಕನ್ನೂ ಅದಲುಬದಲು ಮಾಡಿ ಸಿಕ್ಕಿಸಿದರೆ ಅವತ್ತಿನ ನಕ್ಷೆಗಳೆಲ್ಲ ಹಾಳು.

ಆಟೋಕ್ಯಾಡ್ ಹುಟ್ಟಿದ್ದು ಈ ಕಾಲದಲ್ಲೇ. ಜಾನ್ ವಾಕರ್ ಮತ್ತು ಗೆಳೆಯರು 1982ರಲ್ಲಿ ಕಟ್ಟಿದ ಆಟೋಡೆಸ್ಕ್ ಕಂಪನಿ, ಮೈಕ್ ರಿಡಲ್ ಬರೆದಿದ್ದ ‘ಇಂಟರ‍್ಯಾಕ್ಟ್’ ಅನ್ನೋ ಪ್ರೋಗ್ರಾಮಿನ ಬುನಾದಿ ಮೇಲೆ ಅದನ್ನ ತಯಾರು ಮಾಡಿ, ಅದೇ ವರ್ಷ ನವೆಂಬರ್‌ನಲ್ಲಿ ಲಾಸ್ ವೇಗಸ್ ಪ್ರದರ್ಶನದಲ್ಲಿ ತೋರಿಸಿತು. ಅದರಲ್ಲಿ ಗೆರೆಗೆ ಬಣ್ಣದ ನಂಬರ್ ಕೊಡಬಹುದಿತ್ತು. 1 ಕೆಂಪು, 2 ಹಳದಿ, 3 ಹಸಿರು, ಹೀಗೆ. ಪ್ಲಾಟ್ ಮಾಡೋವಾಗ ಒಂದು ಕೋಷ್ಟಕ ಬರ್ತಿತ್ತು: ಯಾವ ಬಣ್ಣಕ್ಕೆ ಯಾವ ಪೆನ್ನು, ಎಷ್ಟು ವೇಗ. ಅಲ್ಲಿಂದ ಬಣ್ಣ ಅಂದರೆ ದಪ್ಪ ಅನ್ನೋ ಭಾಷೆ ಶುರುವಾಯ್ತು. ಕೆಂಪಿನಲ್ಲಿ ಬರೆದದ್ದು ಕಾಗದದ ಮೇಲೆ ಕೆಂಪಾಗಿ ಬರೋದಿಲ್ಲ, ಒಂದನೇ ಪೆನ್ನಿನ ದಪ್ಪದಲ್ಲಿ ಕಪ್ಪಾಗಿ ಬರುತ್ತೆ. ಒಂದು ಆಫೀಸಿನಲ್ಲಿ ಕೆಂಪು ಅಂದರೆ ತೀರಾ ತೆಳು, ಪಕ್ಕದ ರಸ್ತೆಯ ಆಫೀಸಿನಲ್ಲಿ ಅದೇ ಕೆಂಪು ಗೋಡೆಯ ದಪ್ಪ. ಒಂದೊಂದು ಆಫೀಸಿಗೂ ಒಂದೊಂದು ಗೋತ್ರ.

ಆಮೇಲೆ ಇಂಕ್‌ಜೆಟ್ ಬಂತು, ಪೆನ್ನು ಹೋಯ್ತು. ಆದ್ರೆ ಸಾವಿರಾರು ಆಫೀಸುಗಳ ಲಕ್ಷಾಂತರ ಫೈಲುಗಳಲ್ಲಿ ಬಣ್ಣದ ಭಾಷೆ ಉಳಿದುಬಿಟ್ಟಿತ್ತು. 1999ರಲ್ಲಿ ಬಂದ ಆಟೋಕ್ಯಾಡ್ 2000ದಲ್ಲಿ ಕೊನೆಗೂ ಗೆರೆಗೆ ತನ್ನದೇ ದಪ್ಪ, ಅಂದರೆ ಲೈನ್‌ವೇಟ್ ಸಿಕ್ಕಿತು. ಹಳೆಯದನ್ನ ಕೈಬಿಡೋ ಧೈರ್ಯ ಮಾತ್ರ ಆಗಲಿಲ್ಲ. ಬಣ್ಣ ಮತ್ತು ದಪ್ಪದ ಕೋಷ್ಟಕವನ್ನ ಸಿ.ಟಿ.ಬಿ. ಅನ್ನೋ ಫೈಲಿನಲ್ಲಿ ಇಟ್ಟರು, 255 ಬಣ್ಣಕ್ಕೂ ಒಂದೊಂದು ಸಾಲು. ಹಳೇ ಫೈಲುಗಳನ್ನ ಮುರಿಯದೇ ಇದ್ದದ್ದು ಸರಿಯೇ. ಆದರೆ ಆ ಕೋಷ್ಟಕವನ್ನ ನಕ್ಷೆಯ ಹೊರಗಿಟ್ಟರಲ್ಲ, ಅದು ದೊಡ್ಡ ಎಡವಟ್ಟು ಅಂತಲೇ ನನ್ನ ಅಭಿಪ್ರಾಯ. ನಕ್ಷೆಯ ಒಳಗೆ ಸಿ.ಟಿ.ಬಿ.ಯ ಹೆಸರು ಮಾತ್ರ ಇರುತ್ತೆ. ನೀವು ಈಮೇಲ್‌ನಲ್ಲಿ ನಕ್ಷೆ ಕಳಿಸ್ತೀರಿ, ಕೋಷ್ಟಕ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತೆ. ಆ ಕಡೆಯವರ ಬಳಿ ಆ ಕೋಷ್ಟಕ ಇಲ್ಲ, ಅವರದ್ದೇ ಬೇರೆ ಇದೆ. ಗೋಡೆ ಕೂದಲೆಳೆ, ಸೋಫಾ ಕೋಟೆ ಆಗೋದು ಇಲ್ಲೇ. ಹಳದಿ ಕಾಣೆಯಾಗೋದೂ ಇದೇ ಕಥೆ. ಎಲ್ಲವನ್ನೂ ಕಪ್ಪಾಗಿಸೋ ‘ಮೋನೋಕ್ರೋಮ್’ ಕೋಷ್ಟಕದ ಬದಲು ಬಣ್ಣವನ್ನ ಬಣ್ಣವಾಗೇ ಬಿಡೋ ಕೋಷ್ಟಕ ಆಯ್ಕೆಯಾಗಿರುತ್ತೆ. ಈಟ್ರಾನ್ಸ್‌ಮಿಟ್ ಅನ್ನೋ ಆಜ್ಞೆ ಕೊಟ್ಟರೆ ಕೋಷ್ಟಕವನ್ನೂ ಜೊತೆಗೆ ಗಂಟು ಕಟ್ಟಿ ಕಳಿಸಬಹುದು. ಬಳಸೋರು ಕಮ್ಮಿ. ಪರದೆ ಮೇಲೆ ದಪ್ಪ ಕಾಣದೇ ಇದ್ರೆ ಅದಕ್ಕೊಂದು ಬಟನ್ ಇದೆ, ಅದು ಮೊದಲಿಂದ ಆಫ್ ಆಗಿರುತ್ತೆ ಅಷ್ಟೇ.

ಸೊನ್ನೆ ದಪ್ಪ ಅಂತ ಇನ್ನೊಂದು ಮಾಯೆ. ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ ಎರಡರಲ್ಲೂ ಸೊನ್ನೆ ಅಂದರೆ ‘ಯಂತ್ರಕ್ಕೆ ಸಾಧ್ಯವಾದಷ್ಟು ತೆಳು’ ಅಂತ ಅರ್ಥ. ಇಂಚಿಗೆ 72 ಚುಕ್ಕಿಯ ಪರದೆಯಲ್ಲಿ ಅದು 0.35 ಮಿ.ಮೀ., ಚೆನ್ನಾಗೇ ಕಾಣುತ್ತೆ. 300 ಚುಕ್ಕಿಯ ಲೇಸರ್ ಪ್ರಿಂಟರ್‌ನಲ್ಲಿ 0.08. ಪ್ರೆಸ್ಸಿನ 2400 ಚುಕ್ಕಿಯ ಯಂತ್ರದಲ್ಲಿ 0.01, ಭೂತಕನ್ನಡಿ ಬೇಕು. ಪ್ರಿಂಟರ್ ಒಳ್ಳೆಯದಾದಷ್ಟೂ ಗೆರೆ ಮಾಯ!

ತುಂಡುಗೆರೆಯ ಕಾಟ ನಮ್ಮಲ್ಲಿ ಜಾಸ್ತಿ. ಯಾಕಂದ್ರೆ ನಾವು ಎರಡು ದೋಣಿಯಲ್ಲಿ ಕಾಲಿಟ್ಟವರು. ಸೈಟ್ ಕೊಳ್ಳೋದು 30×40 ಅಡಿ ಲೆಕ್ಕದಲ್ಲಿ, ಕಬ್ಬಿಣ ಕೊಳ್ಳೋದು 12 ಮಿ.ಮೀ. ಲೆಕ್ಕದಲ್ಲಿ. ಆಟೋಕ್ಯಾಡ್‌ನಲ್ಲೂ ತುಂಡುಗೆರೆಯ ಮಾದರಿಗಳು ಎರಡು ಫೈಲಿನಲ್ಲಿವೆ. ಒಂದು ಇಂಚಿಗೆ, ಇನ್ನೊಂದು ಮಿ.ಮೀ.ಗೆ, ಅಳತೆಯಲ್ಲಿ 25.4 ಪಟ್ಟು ವ್ಯತ್ಯಾಸ. ಮಿ.ಮೀ.ನಲ್ಲಿ ಬರೆದ ಮನೆಗೆ ಇಂಚಿನ ಮಾದರಿ ಹಾಕಿದರೆ ಒಂಬತ್ತು ಮೀಟರ್ ಉದ್ದದ ಗೆರೆಯಲ್ಲಿ ಅರ್ಧ ಮಿ.ಮೀ.ನ ತುಂಡುಗಳು. ಕಣ್ಣಿಗೆ ಕಾಣೋದು ಪೂರ್ತಿ ಗೆರೆ. ಎಲ್‌ಟಿಸ್ಕೇಲ್ ಅನ್ನೋ ಸಂಖ್ಯೆ ಸರಿ ಮಾಡಿದರೆ ಗೆರೆ ತುಂಡಾಗುತ್ತೆ.

ನನಗೆ ಗೊತ್ತಿರೋ ಒಂದು ಮನೆಯಲ್ಲಿ ಹೀಗೇ ಆಯ್ತು. ಅಡುಗೆಮನೆಯ ಲಾಫ್ಟ್ ತೋರಿಸೋ ತುಂಡುಗೆರೆ ಸೈಟಿಗೆ ಹೋದ ಪ್ರಿಂಟ್‌ನಲ್ಲಿ ಪೂರ್ತಿ ಗೆರೆಯಾಗಿತ್ತು, ಗೋಡೆಯಷ್ಟೇ ದಪ್ಪದಲ್ಲಿ. ಶನಿವಾರ ಸಂಜೆ ಮನೆಯೋರು ಹೋಗಿ ನೋಡಿದಾಗ ಅಡುಗೆಮನೆ ನಡುವೆ ಮೂರು ವರಸೆ ಇಟ್ಟಿಗೆ ಎದ್ದಿತ್ತು. “ಏನ್ರೀ ಇದು ಮೇಸ್ತ್ರಿ?” ಅಂದರೆ, “ಗೆರೆ ಐತಲ್ಲ ಸಾರ್, ಕಟ್ಟಿದೀನಿ” ಅಂದ. ನಕ್ಷೆ ಬಿಚ್ಚಿ ತೋರಿಸಿದ. ಅವನು ಹೇಳಿದ್ದು ಸರಿಯಾಗೇ ಇತ್ತು. ಒಡೆದ ಕೂಲಿ ಯಾರು ಕೊಡಬೇಕು ಅಂತ ಜಗಳ ಎರಡು ವಾರ ನಡೀತು. ಕೊನೆಗೆ ಅರ್ಧ ಮೇಸ್ತ್ರಿಯ ಲೆಕ್ಕದಲ್ಲೇ ಮುರಿದುಕೊಂಡರು. ಕಂಪ್ಯೂಟರ್ ಮುಂದೆ ಕೂತವರ ಸಂಬಳದಲ್ಲಿ ಏನೂ ಮುರಿಯಲಿಲ್ಲ.

ರೂಲಿಂಗ್ ಪೆನ್ ಹಿಡಿದ ಟ್ರೇಸರ್ ಆಗಿದ್ದರೆ ಈ ತಪ್ಪು ಆಗ್ತಿರಲಿಲ್ಲ, ಯಾಕಂದ್ರೆ ಒಂದೊಂದು ತುಂಡನ್ನೂ ಅವನ ಕೈಯೇ ಎಳೆದಿರ್ತಿತ್ತು. ಹಾಗಂತ ಹಳೇದೇ ಚೆನ್ನಾಗಿತ್ತು ಅನ್ನೋ ಜಾತಿಯವನಲ್ಲ ನಾನು. ಬ್ಲೇಡ್‌ನಲ್ಲಿ ಕೆರೆದವರನ್ನ ಕೇಳಿ, ಯಾರೂ ಆ ಕಾಲಕ್ಕೆ ವಾಪಸ್ ಹೋಗ್ತೀನಿ ಅನ್ನಲ್ಲ.

ಇವತ್ತಿಗೂ ದೊಡ್ಡ ಇಂಕ್‌ಜೆಟ್ ಪ್ಲಾಟರ್‌ಗಳು ಅರ್ಥ ಮಾಡಿಕೊಳ್ಳೋ ಭಾಷೆಗಳಲ್ಲಿ ಎಚ್‌ಪಿಜಿಎಲ್/2 ಒಂದು. ಅದರಲ್ಲಿ ಪೆನ್ನಿನ ಅಗಲ ಇಷ್ಟು ಅಂತ ಹೇಳೋಕೆ ‘ಪಿಡಬ್ಲ್ಯೂ’ ಅಂತ ಹೊಸ ಆಜ್ಞೆ ಸೇರಿದೆ, ಹಳೇ ‘ಎಸ್‌ಪಿ’ಯೂ ಇದೆ. ಪೆನ್ನೇ ಇಲ್ಲದ ಯಂತ್ರಕ್ಕೆ ‘ಮೂರನೇ ಪೆನ್ನು ಎತ್ತಿಕೋ’ ಅಂತ ಹೇಳ್ತೀವಿ, ಅದೂ ಆಗಲಿ ಅಂತ ಎತ್ತಿಕೊಂಡ ಹಾಗೆ ಮಾಡಿ ಇಂಕು ಚಿಮ್ಮುತ್ತೆ.